ಅಪರಾಧದ ಫಲ ಯಾರಿಗೆ?

(ದ್ವಿತೀಯ ಬಿ.ಎ. ವಿದ್ಯಾರ್ಥಿ, ಸೋಂಪುರ)

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಕೇಳದವರಿಲ್ಲ. ಕೆಟ್ಟುದನ್ನು ಮಾಡಿದವನು ಕೆಟ್ಟುದನ್ನೇ ಉಣ್ಣಬೇಕೆಂಬುದು ಅದರ ತಾತ್ಪರ್ಯ. ಆದರೆ ಕೆಟ್ಟುದನ್ನು ಮಾಡಿ ಹೋಳಿಗೆಯನ್ನೇ ಉಂಡವರೂ ಲೋಕದಲ್ಲಿ ಉಂಟಷ್ಟೆ! ಅಂಥವರ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆ?

ನಮ್ಮ ಸೋಂಪುರದ ಕಡೆ, ದಾಬಸ್‌ಪೇಟೆಯ ಸುತ್ತ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಕನಸಿನಲ್ಲಿಯೂ ಎಣಿಸದ ಬೆಲೆ ಬಂದಿದೆ. ಬೆಲೆಯ ಹಿಂದೆಯೇ ಅಣ್ಣತಮ್ಮಂದಿರ ವ್ಯಾಜ್ಯಗಳೂ ಬಂದಿವೆ. ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ ಅರಳಿಕಟ್ಟೆಯ ಮೇಲೆ ಯಾರೋ ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ದೂರದ ಊರೊಂದರಲ್ಲಿ ಜಮೀನಿನ ಆಸೆಗೆ ಮಗನೇ ತಂದೆಯನ್ನು ಕೊಂದ ಸುದ್ದಿ ಅದು. ಕೇಳುತ್ತಿದ್ದ ಅಜ್ಜನೊಬ್ಬರು, “ಜೈಲಿಗೆ ಹೋದ್ರೆ ಹೋದ. ಈಚೆಗೆ ಬಂದ ಮೇಲೆ ಜಮೀನು ಅವನದೇ ತಾನೆ? ಕೊಂದೋನೇ ಗೆದ್ದಂಗಾಯ್ತಲ್ಲಪ್ಪ!” ಎಂದರು. ಕಾಲೇಜಿನಲ್ಲಿ ಓದುವವನೆಂದು ಎಲ್ಲರೂ ನನ್ನ ಮುಖ ನೋಡಿದರು. ನನಗೂ ಉತ್ತರ ತಿಳಿಯದು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಈ ಪ್ರಶ್ನೆ ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರದಲ್ಲಿ, ಪಾಲಿಗೆ ಅನರ್ಹರಾದವರ ಸಾಲಿನಲ್ಲಿ ತಂದೆಯನ್ನು ದ್ವೇಷಿಸುವವನೂ ಸೇರಿದ್ದಾನೆ. ಆದರೆ ಕೊಲೆಗಾರನು ವಾರಸುದಾರನಾಗಬಹುದೇ ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ದೊರೆತುದು ಬಹುಕಾಲದ ಅನಂತರ, ಅಂದಿನ ಮುಂಬಯಿ ಪ್ರಾಂತದಿಂದ ಹೋದ ಒಂದು ಮೊಕದ್ದಮೆಯಲ್ಲಿ. ಕೆಂಚವ್ವ ಹಾಗೂ ಗಿರಿಮಲ್ಲಪ್ಪ ಎಂಬುವರು ಅದರ ವಾದಿ ಪ್ರತಿವಾದಿಗಳು. ಹೆಸರುಗಳೇ ಕನ್ನಡ ನೆಲವನ್ನು ಸಾರುತ್ತವೆ. ಮುಂಬಯಿ ಹೈಕೋರ್ಟನ್ನು ದಾಟಿ ಇದು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಮುಟ್ಟಿತು. 1924ರಲ್ಲಿ ಅಲ್ಲಿನ ನ್ಯಾಯಮೂರ್ತಿಗಳು ಎರಡು ಮಾತು ಹೇಳಿದರು. ಹಿಂದೂ ಶಾಸ್ತ್ರದಲ್ಲಿ ಸ್ಪಷ್ಟ ವಿಧಿ ಇರಲಿ, ಇಲ್ಲದಿರಲಿ, ನ್ಯಾಯ, ಸಮತೆ, ಸದ್ವಿವೇಕಗಳ ದೃಷ್ಟಿಯಿಂದ ಕೊಲೆಗಾರನು ಕೊಲೆಯಾದವನ ಆಸ್ತಿಗೆ ಹಕ್ಕುದಾರನಾಗಲಾರನು, ಇದು ಮೊದಲನೆಯದು. ಉತ್ತರಾಧಿಕಾರವನ್ನು ಎಣಿಸುವಾಗ ಅವನು ಇಲ್ಲವೇ ಇಲ್ಲವೆಂದು ಭಾವಿಸಬೇಕು, ಅವನನ್ನು ಮೂಲಪುರುಷನನ್ನಾಗಿ ಇಟ್ಟುಕೊಂಡು ಹೊಸ ವಂಶಾವಳಿ ಹೂಡಕೂಡದು; ಇದು ಎರಡನೆಯದು.

ಸ್ವತಂತ್ರ ಭಾರತದ ಶಾಸನಸಭೆ ಇದೇ ತತ್ತ್ವವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೆಯ ಪ್ರಕರಣದಲ್ಲಿ ಬರೆದಿಟ್ಟಿತು. ಕೊಂದವನು ಮಾತ್ರವಲ್ಲ, ಕೊಲೆಗೆ ಕುಮ್ಮಕ್ಕು ಕೊಟ್ಟವನೂ ಸತ್ತವನ ಆಸ್ತಿಗೆ ಅನರ್ಹ. ಇನ್ನೊಂದು ಸೂಕ್ಷ್ಮವೂ ಅಲ್ಲಿದೆ. ತಂದೆಯ ಜಮೀನು ಪೂರ್ತಿ ತನಗೇ ದಕ್ಕಲೆಂದು ತಮ್ಮನು ಅಣ್ಣನನ್ನು ಕೊಂದನೆನ್ನೋಣ. ಅವನಿಗೆ ಅಣ್ಣನ ಆಸ್ತಿಯಷ್ಟೇ ಅಲ್ಲ, ಯಾವುದನ್ನು ಕುರಿತು ಕೊಲೆ ಮಾಡಿದನೋ ಆ ತಂದೆಯ ಆಸ್ತಿಯೂ ತಪ್ಪುತ್ತದೆ. 27ನೆಯ ಪ್ರಕರಣದಂತೆ, ಅನರ್ಹನಾದವನು ಆಸ್ತಿವಂತನಿಗಿಂತ ಮೊದಲೇ ಸತ್ತನೆಂದು ಎಣಿಸಿ ಪಾಲು ಹಂಚಬೇಕು. ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ಹೆಸರು ಕೂರಿಸಿಕೊಂಡರೂ ಒಡೆತನ ಹುಟ್ಟದು. ಖಾತೆ ಕಂದಾಯದ ಲೆಕ್ಕಕ್ಕೆ, ಹಕ್ಕನ್ನು ತೀರ್ಮಾನಿಸುವುದು ನ್ಯಾಯಸ್ಥಾನ.

ಆದರೆ ಕೊಲೆಗಾರನ ಹೆಂಡತಿಯ ಗತಿ ಏನು? ಅವಳು ಯಾರನ್ನೂ ಕೊಂದವಳಲ್ಲವಲ್ಲ! ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ, ತಂದೆಯನ್ನು ಕೊಂದವನ ಹೆಂಡತಿ ವೆಳ್ಳಿಕಣ್ಣು ಎಂಬಾಕೆ ಮಾವನ ಆಸ್ತಿಯನ್ನು ಕೇಳಿದಳು. ಗಂಡನಿಗೇ ಇಲ್ಲದ ಹಕ್ಕು ಅವನ ಮೂಲಕ ಹೆಂಡತಿಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. ಕೆಂಚವ್ವನ ಮೊಕದ್ದಮೆಯೇ ಅದಕ್ಕೂ ಆಧಾರ. ಮೇಲ್ನೋಟಕ್ಕೆ ಇದು ಕಠಿಣವೆನಿಸುವುದು ನಿಜ. ಆದರೆ ಮುಂಬಾಗಿಲಿನಿಂದ ಹೊರಗಟ್ಟಿದ ಲಾಭ ಹಿತ್ತಿಲ ಬಾಗಿಲಿನಿಂದ ಅದೇ ಮನೆಗೆ ಬಂದರೆ ಕಾಯಿದೆಗೆ ಅರ್ಥವೇನು ಉಳಿದೀತು? ಎರಡೂ ಕಡೆ ನ್ಯಾಯದ ಮಾತಿದೆ; ನ್ಯಾಯಸ್ಥಾನ ಒಂದನ್ನು ಆರಿಸಿಕೊಳ್ಳಬೇಕಾಯಿತು.

ಇದು ಕೊಲೆಯ ಮಾತಾಯಿತು. ಅಧಿಕಾರದಿಂದ ಗಳಿಸಿದ ಅಕ್ರಮ ಸಂಪತ್ತಿಗೂ ಇದೇ ತತ್ತ್ವ ಅನ್ವಯಿಸುವುದನ್ನು ನಮ್ಮ ಬೆಂಗಳೂರೇ ಕಂಡಿದೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೇಲಿನ, ಆದಾಯವನ್ನು ಮೀರಿದ ಆಸ್ತಿಯ ಮೊಕದ್ದಮೆ 2003ರಲ್ಲಿ ಕರ್ನಾಟಕಕ್ಕೆ ವರ್ಗವಾಯಿತು. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೆ ಸೆರೆವಾಸದ ಜೊತೆಗೆ 100 ಕೋಟಿ ರೂಪಾಯಿ ದಂಡ ವಿಧಿಸಿತು. 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ಮೇಲ್ಮನವಿ ತೀರ್ಮಾನವಾಗುವ ಮೊದಲೇ, 2016ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಉಳಿದ ಮೂವರ ಶಿಕ್ಷೆಯನ್ನು ಎತ್ತಿ ಹಿಡಿಯಿತು. ಮೃತರ ಮಟ್ಟಿಗೆ ಮೊಕದ್ದಮೆ ಅಲ್ಲಿಗೆ ನಿಂತಿತಾದರೂ ಆಸ್ತಿಯ ಮುಟ್ಟುಗೋಲು ನಿಲ್ಲಲಿಲ್ಲ. ಆಸ್ತಿ ತಮಗೆ ಬರಬೇಕೆಂದು ವಾರಸುದಾರರು ಮಾಡಿದ ಮನವಿಯನ್ನು ಕರ್ನಾಟಕ ಹೈಕೋರ್ಟು 2025ರ ಜನವರಿಯಲ್ಲಿ ತಳ್ಳಿಹಾಕಿತು. ಮುಂದಿನ ತಿಂಗಳೇ ಒಡವೆಗಳೂ ಜಮೀನಿನ ಪತ್ರಗಳೂ ತಮಿಳುನಾಡು ಸರ್ಕಾರದ ವಶಕ್ಕೆ ಹೋದವು.

ಹೀಗೆ ಕಿತ್ತುಕೊಂಡುದು ಸರ್ಕಾರದ ಬೊಕ್ಕಸಕ್ಕೆ ಸೇರಿದರೆ ಸಾಕೇ? ನಷ್ಟಪಟ್ಟವರ ಕಣ್ಣೀರಿಗೆ ಬೆಲೆಯಿಲ್ಲವೇ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೆಯ ಪ್ರಕರಣ ಇದಕ್ಕೆ ಒಂದು ದಾರಿ ತೋರಿದೆ. ಅಪರಾಧದಿಂದ ಬಂದ ಸ್ವತ್ತೆಂದು ಕಂಡರೆ ನ್ಯಾಯಾಲಯವು ಸ್ವತ್ತುಳ್ಳವನಿಗೆ 14 ದಿನಗಳ ನೋಟೀಸು ಕೊಟ್ಟು ವಿಚಾರಿಸಿ, ಅದನ್ನು ನೊಂದವರಿಗೆ ಹಂಚಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಆಜ್ಞಾಪಿಸಬಹುದು. ಹಂಚಿಕೆಗೆ 60 ದಿನಗಳ ಅವಧಿ. ಹಕ್ಕುದಾರರು ಇಲ್ಲದಿದ್ದರೆ ಅದು ಸರ್ಕಾರಕ್ಕೆ.

ಉತ್ಸಾಹದಲ್ಲಿ ಅಳತೆ ತಪ್ಪುವುದೂ ಉಂಟು. ಕೊಲೆಗಾರನು ತನ್ನ ಕಥೆಯನ್ನೇ ಮಾರಿ ಹಣ ಮಾಡಬಾರದೆಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನ 1977ರಲ್ಲಿ ಒಂದು ಶಾಸನ ಮಾಡಿತು. ಎಂದೋ ಮಾಡಿದ ಸಣ್ಣ ತಪ್ಪನ್ನು ಬರೆದುಕೊಂಡವನ ಪುಸ್ತಕವೂ ಅದರ ಬಲೆಗೆ ಬೀಳುವುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಅದನ್ನು ರದ್ದುಪಡಿಸಿತು. ಅಂಥ ಕಾಯಿದೆ ಬ್ರಿಟಿಷರ ಕೈಯಲ್ಲಿ ಇದ್ದಿದ್ದರೆ, ನೆಹರೂ ಅವರು ಸೆರೆಮನೆಯಲ್ಲಿ ಬರೆದ ಪುಸ್ತಕಗಳ ಗತಿ ಏನಾಗುತ್ತಿತ್ತೋ ಯೋಚಿಸಬಹುದು.

ಶಿಕ್ಷೆ ಬೇರೆ, ಲಾಭವನ್ನು ಕಿತ್ತುಕೊಳ್ಳುವುದು ಬೇರೆ. ಜೈಲುವಾಸವನ್ನು ಮಾತ್ರ ವಿಧಿಸಿ ಜಮೀನನ್ನು ಬಿಟ್ಟರೆ, ಕೊಲೆಯೂ ಒಂದು ವ್ಯಾಪಾರವಾಗುತ್ತದೆ: ಇಷ್ಟು ವರ್ಷಕ್ಕೆ ಇಷ್ಟು ಎಕರೆ! ಆ ಲೆಕ್ಕವನ್ನೇ ಅಳಿಸುವುದು ಈ ಕಾಯಿದೆಗಳ ಉದ್ದೇಶ.

ಈ ಸಲ ರಜೆಗೆ ಹೋದಾಗ ಅರಳಿಕಟ್ಟೆಯ ಅಜ್ಜನಿಗೆ ಹೇಳಬೇಕೆಂದಿದ್ದೇನೆ: “ಇಲ್ಲ ತಾತ, ಕೊಂದೋನು ಗೆಲ್ಲಲಿಲ್ಲ. ಕಾಯಿದೆಯ ಲೆಕ್ಕದಲ್ಲಿ, ಅವನು ಅಪ್ಪನಿಗಿಂತ ಮೊದಲೇ ಸತ್ತುಹೋದ.”