ನಾಯಿ ನೆಲವನ್ನು ಬಗೆಯುವುದೇಕೆ?

ಮುಂಜಾನೆ ಎದ್ದು ಹಿತ್ತಿಲ ಬಾಗಿಲನ್ನು ತೆರೆದಾಗ, ನಿನ್ನೆ ಸಂಜೆ ನೆಟ್ಟ ಮಲ್ಲಿಗೆಯ ಬಳ್ಳಿ ಬೇರು ಮೇಲಾಗಿ ಬಿದ್ದಿರುತ್ತದೆ. ಪಾತಿಯ ಮಣ್ಣು ಅಂಗಳದ ತುಂಬ ಚೆಲ್ಲಿರುತ್ತದೆ. ಅಲ್ಲಿಯೇ, ಮೂಗಿನ ತುದಿಗೆ ಕೆಮ್ಮಣ್ಣನ್ನು ಮೆತ್ತಿಕೊಂಡು, ಬಾಲವನ್ನಾಡಿಸುತ್ತ ಮನೆಯ ನಾಯಿ ನಿಂತಿರುತ್ತದೆ. ನಾಯಿಯನ್ನು ಸಾಕಿದವರಿಗೆ ಇದು ಅಪರೂಪದ ದೃಶ್ಯವಲ್ಲ. ಮೊದಲ ದಿನ ಮನೆಯವರು ಗದರಿಸುತ್ತಾರೆ; ಮರುದಿನ ಕೋಲನ್ನು ಹಿಡಿಯುತ್ತಾರೆ; ಮೂರನೆಯ ದಿನ ಗಿಡ್ಡ ಸರಪಳಿಯಿಂದ ಕಂಬಕ್ಕೆ ಕಟ್ಟುತ್ತಾರೆ. ಅದರಿಂದಲೂ ಬೇಸತ್ತವರು ನಾಯಿಯನ್ನು ಊರಾಚೆ ಬಿಟ್ಟು ಬರುವುದೂ ಉಂಟು. ‘ನಾಯಿಯ ಬಾಲ ಡೊಂಕು’ ಎಂಬ ಗಾದೆಯೊಂದಿಗೆ ವಿಚಾರಣೆ ಮುಗಿಯುತ್ತದೆ.

ಆದರೆ ಬಾಲ ಡೊಂಕಾಗಿರುವುದಕ್ಕೂ ಕಾರಣವಿರಬೇಕಷ್ಟೆ. ನೆಲವನ್ನು ಬಗೆಯುವುದಕ್ಕೂ ಕಾರಣವಿದೆ, ಒಂದಲ್ಲ, ಹಲವು. ಕಾರಣವನ್ನು ಅರಿಯದೆ ಮಾಡಿದ ಚಿಕಿತ್ಸೆ ಫಲಿಸುವುದಿಲ್ಲವೆಂಬುದು ವೈದ್ಯಶಾಸ್ತ್ರದಲ್ಲಿ ಹೇಗೋ ಪ್ರಾಣಿಗಳ ವರ್ತನೆಯ ವಿಚಾರದಲ್ಲಿಯೂ ಹಾಗೆಯೇ. ಆ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತೋಳನಿಂದ ಬಂದ ಬಳುವಳಿ

ನಾಯಿಯು ತೋಳನ ಸಂತತಿ. ಮಾನವನು ಬೇಸಾಯವನ್ನು ಕಲಿಯುವುದಕ್ಕೆ ಬಹಳ ಮುನ್ನವೇ, ಇನ್ನೂ ಬೇಟೆಗಾರನಾಗಿದ್ದಾಗಲೇ, ಈ ಪ್ರಾಣಿ ಅವನ ಬಳಿ ಬಂದು ನೆಲಸಿತು. ಜರ್ಮನಿಯ ಬಾನ್ ನಗರದ ಹತ್ತಿರ 1914ರಲ್ಲಿ ದೊರೆತ ಒಂದು ಪ್ರಾಚೀನ ಸಮಾಧಿಯಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಎಲುಬುಗಳ ಜೊತೆಗೆ ನಾಯಿಯ ಎಲುಬುಗಳೂ ಇದ್ದವು. ಆ ಸಮಾಧಿಗೆ ಸುಮಾರು 14,000 ವರ್ಷಗಳಾಗಿವೆ. ಇಷ್ಟು ದೀರ್ಘಕಾಲದ ಸಹವಾಸದಲ್ಲಿ ನಾಯಿಯ ಆಕಾರ, ಗಾತ್ರ, ಬಣ್ಣಗಳು ಬದಲಾದವು. ಆದರೆ ಕಾಡಿನ ಅನೇಕ ಪ್ರವೃತ್ತಿಗಳು ಅಳಿಯದೆ ಉಳಿದವು.

ತೋಳವು ಮರಿಗಳನ್ನು ಹಾಕುವುದಕ್ಕಾಗಿ ನೆಲದಲ್ಲಿ ಗವಿಯನ್ನು ತೋಡುತ್ತದೆ. ತಿಂದುಳಿದ ಮಾಂಸವನ್ನು ಮಣ್ಣಿನಲ್ಲಿ ಹೂತಿಡುತ್ತದೆ. ನಾಯಿಯ ಇನ್ನೊಬ್ಬ ಬಂಧುವಾದ ನರಿಯ ಜಾತಿಯಲ್ಲಿಯೂ ಈ ಗುಣವುಂಟು. ಇಂಗ್ಲೆಂಡಿನ ರೇವನ್‌ಗ್ಲಾಸ್ ಬಳಿಯ ಮರಳುದಿಬ್ಬಗಳಲ್ಲಿ ಕೆಂಪುನರಿಗಳು ಕಡಲಹಕ್ಕಿಗಳ ಮೊಟ್ಟೆಗಳನ್ನು ಕದ್ದು ಬೇರೆ ಬೇರೆ ಎಡೆಗಳಲ್ಲಿ ಹೂತಿಡುವುದನ್ನು ನಿಕೊ ಟಿನ್‌ಬರ್ಗನ್ ಎಂಬ ವಿಜ್ಞಾನಿ ಅಧ್ಯಯನ ಮಾಡಿದರು. ಪ್ರಾಣಿಗಳ ವರ್ತನೆಯ ಸಂಶೋಧನೆಗಾಗಿ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಅವರೊಬ್ಬರು.

ಮನೆಯಲ್ಲಿ ಹೊಟ್ಟೆ ತುಂಬ ಉಂಡ ನಾಯಿ ಎಲುಬಿನ ತುಂಡನ್ನು ಕಚ್ಚಿಕೊಂಡು ಹೋಗಿ, ಮುಂಗಾಲುಗಳಿಂದ ಸಣ್ಣ ಗುಳಿಯನ್ನು ತೋಡಿ, ಮೂಗಿನಿಂದ ಮಣ್ಣನ್ನು ನೂಕಿ ಮುಚ್ಚುವುದನ್ನು ನಾವು ಕಾಣಬಹುದು. ಕೆಲವು ನಾಯಿಗಳು ಗಾರೆಯ ನೆಲದ ಮೇಲೆ ಎಲುಬನ್ನಿಟ್ಟು, ಇಲ್ಲದ ಮಣ್ಣನ್ನು ಮೂಗಿನಿಂದ ನೂಕುತ್ತವೆ! ಕೆಲಸ ಆಯಿತೋ ಇಲ್ಲವೋ ಎಂಬ ವಿವೇಚನೆ ಅಲ್ಲಿಲ್ಲ. ಹುಟ್ಟಿನಿಂದ ಬಂದ ಪ್ರವೃತ್ತಿಯೊಂದು ತನ್ನ ಪಾಡಿಗೆ ತಾನು ನಡೆದುಹೋಗುತ್ತದೆ, ಅಷ್ಟೆ.

ಮಾನವನೂ ಈ ಗುಣವನ್ನು ಬೆಳೆಸಿದ್ದಾನೆ. ಬಿಲದೊಳಗಿನ ಪ್ರಾಣಿಗಳನ್ನು ಹಿಡಿಯುವುದಕ್ಕಾಗಿ ಯೂರೋಪಿನ ಬೇಟೆಗಾರರು ಚೆನ್ನಾಗಿ ಬಗೆಯುವ ನಾಯಿಗಳನ್ನೇ ಆರಿಸಿ ತಳಿ ಬೆಳೆಸಿದರು. ‘ಟೆರಿಯರ್’ ಎಂಬ ಹೆಸರಿನ ಮೂಲವು ನೆಲ ಎಂಬ ಅರ್ಥದ ಲ್ಯಾಟಿನ್ ಶಬ್ದ. ಗಿಡ್ಡ ಕಾಲಿನ ‘ಡ್ಯಾಕ್ಸ್‌ಹುಂಡ್’ ಎಂದರೆ ಜರ್ಮನ್ ಭಾಷೆಯಲ್ಲಿ ಬ್ಯಾಡ್ಜರ್ ಎಂಬ ಬಿಲವಾಸಿಯ ಬೇಟೆಯ ನಾಯಿ. ನಮ್ಮ ಮುಧೋಳದ ನಾಯಿಯಾದರೋ ಬೇರೆ ಬಗೆಯದು. ಅದು ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ಕಂಡು ಓಡಿ ಹಿಡಿಯುವ ತಳಿ. ಹಾಗೆಂದು ಅದು ನೆಲವನ್ನು ಮುಟ್ಟುವುದೇ ಇಲ್ಲವೆಂದಲ್ಲ; ಬಗೆಯುವ ಗುಣ ಎಲ್ಲ ನಾಯಿಗಳಲ್ಲಿಯೂ ಉಂಟು, ಪ್ರಮಾಣದಲ್ಲಿ ಮಾತ್ರ ಹೆಚ್ಚುಕಡಿಮೆ.

ಮಣ್ಣಿನ ತಂಪು

ಬೇಸಗೆಯ ಮಧ್ಯಾಹ್ನ ಬೀದಿಯ ನಾಯಿಯೊಂದು ಮರದ ನೆರಳಿನಲ್ಲಿ ನೆಲವನ್ನು ಕೆರೆದು, ಆ ತಗ್ಗಿನಲ್ಲಿ ಹೊಟ್ಟೆಯನ್ನೂರಿ ಮಲಗುವುದನ್ನು ಯಾರು ನೋಡಿಲ್ಲ? ಇದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ.

ನಾಯಿಯ ಮೈಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಂಟಿಗ್ರೇಡಿನಷ್ಟು. ನಮ್ಮಂತೆ ಅದು ಮೈಯೆಲ್ಲ ಬೆವತು ತಂಪಾಗಲಾರದು. ಅಂಗಾಲುಗಳಲ್ಲಿ ಬೆವರಿದರೂ ಅದರಿಂದ ಆಗುವ ಪ್ರಯೋಜನ ಅಲ್ಪ. ನಾಲಗೆಯನ್ನು ಚಾಚಿ ತೇಕುತ್ತ, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸುವುದೇ ಅದರ ಮುಖ್ಯ ಉಪಾಯ. ಉಳಿದ ಉಪಾಯವೆಂದರೆ ತಂಪಾದ ವಸ್ತುವಿಗೆ ಮೈಯನ್ನು ತಾಗಿಸುವುದು.

ಬಿಸಿಲಿಗೆ ಒಡ್ಡಿದ ಒಣ ಮಣ್ಣಿನ ಮೇಲ್ಮೈ ಬೇಸಗೆಯಲ್ಲಿ 50 ಡಿಗ್ರಿಯನ್ನು ಮೀರುವುದುಂಟು. ಆದರೆ ಮಣ್ಣು ಶಾಖವನ್ನು ಬಲು ನಿಧಾನವಾಗಿ ಕೆಳಕ್ಕೆ ಸಾಗಿಸುತ್ತದೆ. ಹಗಲಿನ ಕಾವು ಒಳಗಿಳಿಯುವಷ್ಟರಲ್ಲಿ ಇರುಳಾಗಿ ಮೇಲ್ಮೈ ತಣ್ಣಗಾಗುತ್ತದೆ. ಸಾಮಾನ್ಯವಾದ ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರು ಕೆಳಗೆ ಹೋದರೆ ಹಗಲಿರುಳುಗಳ ಉಷ್ಣತೆಯ ಏರಿಳಿತವು ಮೇಲ್ಮೈಯಲ್ಲಿರುವುದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ; ಇನ್ನೂ 12 ಸೆಂಟಿಮೀಟರು ಇಳಿದರೆ ಏಳರಲ್ಲಿ ಒಂದು ಭಾಗ. ಆದುದರಿಂದ ಗೇಣುದ್ದದ ಗುಂಡಿಯ ತಳವು ಮಧ್ಯಾಹ್ನದಲ್ಲಿ ಮೇಲ್ಮೈಗಿಂತ ಬಹಳ ತಂಪು. ಆ ಮಣ್ಣಿನಲ್ಲಿ ತೇವವಿದ್ದರಂತೂ ಆವಿಯಾಗುವಿಕೆಯಿಂದ ಮತ್ತಷ್ಟು ತಂಪು. ಹೊಟ್ಟೆಯ ಕಡೆ ನಾಯಿಗೆ ರೋಮ ವಿರಳವಾಗಿರುವುದರಿಂದ ಮೈಯ ಶಾಖ ಸುಲಭವಾಗಿ ನೆಲಕ್ಕೆ ಹರಿದುಹೋಗುತ್ತದೆ. ನಾಯಿಗೆ ಈ ಲೆಕ್ಕ ತಿಳಿಯದು. ಅದರ ಫಲ ತಿಳಿದಿದೆ.

ಗುಂಡಿಯನ್ನು ಓದುವ ಬಗೆ

ಗುಂಡಿಯ ಸ್ಥಳ, ಆಕಾರ ಮತ್ತು ಅದನ್ನು ತೋಡಿದ ವೇಳೆ—ಇವು ಮೂರನ್ನೂ ಗಮನಿಸಿದರೆ ಕಾರಣವು ಬಹುಮಟ್ಟಿಗೆ ಹೊರಬೀಳುತ್ತದೆ.

ಗುಂಡಿ ಅಗಲವಾಗಿ, ಆಳವಿಲ್ಲದೆ, ನೆರಳಿನಲ್ಲಿಯೋ ನಲ್ಲಿಯ ಬಳಿಯಲ್ಲಿಯೋ ಇದ್ದು, ನಾಯಿ ಅದರಲ್ಲಿಯೇ ಮಲಗುತ್ತಿದ್ದರೆ ಅದು ಸೆಕೆಯ ಗುಂಡಿ. ಒಂದೇ ಸ್ಥಳದಲ್ಲಿ ಆಳವಾಗಿ ಬಗೆಯುತ್ತ, ನಡುನಡುವೆ ನಿಂತು ಮೂಸುತ್ತ, ಕಿವಿ ನಿಮಿರಿಸಿ ಆಲಿಸುತ್ತಿದ್ದರೆ ಅಡಿಯಲ್ಲಿ ಹೆಗ್ಗಣವೋ ಇಲಿಯೋ ಇರಬೇಕು. ನಾಯಿಯ ಘ್ರಾಣೇಂದ್ರಿಯದಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಕೋಟಿಗಟ್ಟಲೆ ಇದ್ದು, ಮಾನವನವಕ್ಕಿಂತ ಅನೇಕ ಪಟ್ಟು ಹೆಚ್ಚು. ನಮಗೆ ಬರಿಯ ಮಣ್ಣಾಗಿ ತೋರುವ ಎಡೆ ಅದಕ್ಕೆ ಹಾಗೆ ತೋರುವುದಿಲ್ಲ. ಗೋಡೆಯ ಬುಡದಲ್ಲಿಯೋ ಗೇಟಿನ ಕೆಳಗೋ ಬಗೆದಿದ್ದರೆ ಹೊರಗೆ ಹೋಗುವ ಯತ್ನ. ಸಂಗಾತಿಯ ಬಯಕೆಯಿರಬಹುದು, ಸಿಡಿಲಿನ ಅಥವಾ ಪಟಾಕಿಯ ಭಯವಿರಬಹುದು. ಗರ್ಭ ಧರಿಸಿದ ನಾಯಿ ಎರಡು ತಿಂಗಳು ತುಂಬುವ ಹೊತ್ತಿಗೆ ಮೂಲೆಯೊಂದನ್ನು ಆರಿಸಿ ತೋಡಿದರೆ ಅದು ಬಾಣಂತಿತನದ ಸಿದ್ಧತೆ. ಹಿತ್ತಿಲ ತುಂಬ ಅಲ್ಲಲ್ಲಿ, ಗೊತ್ತುಗುರಿಯಿಲ್ಲದೆ, ಮನೆಯಲ್ಲಿ ಯಾರೂ ಇಲ್ಲದಾಗ ಬಗೆಯುವ ಎಳೆಯ ನಾಯಿಗೆ ರೋಗವೊಂದೇ: ಬೇಸರ.

ಇನ್ನು ನಮ್ಮ ಮಲ್ಲಿಗೆಯ ಬಳ್ಳಿಯ ವಿಷಯ. ಹೊಸದಾಗಿ ಅಗೆದ ಮಣ್ಣು ಮೃದು. ಸಂಜೆ ನೀರು ಹೊಯ್ದುದರಿಂದ ತಂಪು. ಬುಡಕ್ಕೆ ಎಲುಬಿನ ಪುಡಿಯ ಗೊಬ್ಬರವನ್ನು ಹಾಕಿದ್ದರೆ ಸುವಾಸನೆಯೂ ಸೇರಿತು. ನಾಯಿಯನ್ನು ಕರೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಆಮಂತ್ರಣವನ್ನು ನಾವು ಕೊಡಲಾರೆವು!

ಕೋಲು ಏಕೆ ಸೋಲುತ್ತದೆ?

1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು ತಾನು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಬೆಕ್ಕು ಪರದಾಡುತ್ತ ಅಕಸ್ಮಾತ್ತಾಗಿ ಅಗಳಿಯನ್ನು ಸರಿಸಿದರೆ ಬಾಗಿಲು ತೆರೆದು ಹೊರಗಿನ ಆಹಾರ ದೊರೆಯುತ್ತಿತ್ತು. ಮತ್ತೆ ಮತ್ತೆ ಪೆಟ್ಟಿಗೆಯೊಳಗೆ ಇಟ್ಟಂತೆ ಹೊರಬರಲು ಹಿಡಿಯುವ ಕಾಲ ಕಡಿಮೆಯಾಗುತ್ತ ಬಂತು. ಒಡನೆಯೇ ಸುಖವನ್ನು ಕೊಡುವ ಕ್ರಿಯೆಯು ನೆಲೆಗೊಳ್ಳುತ್ತದೆ ಎಂಬುದು ಇದರಿಂದ ಹೊರಟ ನಿಯಮ.

ಇಲ್ಲಿ ‘ಒಡನೆಯೇ’ ಎಂಬ ಮಾತು ಮುಖ್ಯ. ಬಗೆಯುವಾಗ ನಾಯಿಗೆ ತಂಪು, ವಾಸನೆ, ಆಟ ಇವೆಲ್ಲ ಆ ಕ್ಷಣದಲ್ಲಿಯೇ ದೊರೆಯುತ್ತವೆ. ಪೆಟ್ಟಾದರೋ ಯಜಮಾನನು ಎದ್ದು ಬಂದ ಮೇಲೆ, ಗಂಟೆಗಳು ಕಳೆದ ಬಳಿಕ ಬೀಳುತ್ತದೆ. ನಾಯಿಯು ಆ ಪೆಟ್ಟನ್ನು ಇರುಳಿನ ಗುಂಡಿಯೊಂದಿಗೆ ಜೋಡಿಸಲಾರದು. ಎದುರಿಗೆ ಬಂದ ಯಜಮಾನನೊಂದಿಗೆ ಜೋಡಿಸುತ್ತದೆ. ಹೀಗೆ ಕೋಲು ಗುಂಡಿಯನ್ನು ನಿಲ್ಲಿಸದೆ, ವಿಶ್ವಾಸವನ್ನು ಮಾತ್ರ ಕೆಡಿಸುತ್ತದೆ.

“ಅದಕ್ಕೆ ತಪ್ಪು ತಿಳಿದಿದೆ, ಮುಖ ನೋಡಿದರೇ ಗೊತ್ತಾಗುತ್ತದೆ” ಎಂದು ಹೇಳುವವರುಂಟು. ಅಮೆರಿಕದ ಅಲೆಕ್ಸಾಂಡ್ರಾ ಹೊರೋವಿಟ್ಸ್ ಎಂಬ ಸಂಶೋಧಕಿ 14 ನಾಯಿಗಳೊಡನೆ ಪ್ರಯೋಗ ನಡೆಸಿ 2009ರಲ್ಲಿ ಇದಕ್ಕೆ ಉತ್ತರವಿತ್ತರು. ತಿಂಡಿಯನ್ನು ಮುಟ್ಟಬಾರದೆಂದು ನಾಯಿಗೆ ಹೇಳಿ ಯಜಮಾನರು ಹೊರಗೆ ಹೋಗುತ್ತಿದ್ದರು. ಮರಳಿ ಬಂದವರಿಗೆ ನಾಯಿ ಮಾತನ್ನು ಮೀರಿತೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ನಿಜವಾಗಿ, ಕೆಲವೊಮ್ಮೆ ಸುಳ್ಳಾಗಿ ತಿಳಿಸಲಾಗುತ್ತಿತ್ತು. ನಾಯಿಯ ‘ಅಪರಾಧಿಯ ಮುಖ’ ಕಾಣಿಸಿಕೊಂಡದ್ದು ಅದು ತಪ್ಪು ಮಾಡಿದ್ದುದರಿಂದ ಅಲ್ಲ, ಯಜಮಾನರು ಗದರಿಸಿದುದರಿಂದ. ತಪ್ಪು ಮಾಡದೆಯೂ ಬೈಸಿಕೊಂಡ ನಾಯಿಗಳು ಇನ್ನೂ ಹೆಚ್ಚಾಗಿ ಆ ಮುಖವನ್ನು ತೋರಿದವು! ನಾವು ಪಶ್ಚಾತ್ತಾಪವೆಂದು ಭಾವಿಸುವುದು ನಮ್ಮ ಸಿಟ್ಟಿಗೆ ಅದು ತೋರುವ ಅಳುಕು.

ಮಾಡಬೇಕಾದುದೇನು?

ಕಾರಣಕ್ಕೆ ತಕ್ಕ ಪರಿಹಾರ. ಸೆಕೆಯ ಗುಂಡಿಗೆ ನೆರಳು, ತಂಪಾದ ನೀರು, ನೆನೆಸಿದ ಗೋಣಿತಾಟು ಸಾಕು. ಹೆಗ್ಗಣದ ಕಾಟವಿದ್ದರೆ ಎಂಜಲು ತಿಪ್ಪೆಗಳನ್ನು ಚೊಕ್ಕಟಗೊಳಿಸಿ, ಬೋನಿಟ್ಟು ಹೆಗ್ಗಣವನ್ನು ಹಿಡಿದು, ಬಿಲವನ್ನು ಮುಚ್ಚಬೇಕು. ಗೋಡೆಯ ಬುಡಕ್ಕೆ ಕಲ್ಲುಚಪ್ಪಡಿಗಳನ್ನು ಹೂಳಬೇಕು. ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆಯಿಂದ ಗಂಡುನಾಯಿಯ ಅಲೆದಾಟ ಸಾಮಾನ್ಯವಾಗಿ ತಗ್ಗುತ್ತದೆ. ಪಾತಿಗಳಿಗೆ ತಂತಿಬಲೆಯನ್ನು ಹಾಸಿ ಮೇಲೆ ಮಣ್ಣನ್ನು ಹರಡಿದರೆ ಬಳ್ಳಿ ಉಳಿಯುತ್ತದೆ. ಬೇಸರಕ್ಕೆ ಮದ್ದು ಬೆಳಗ್ಗೆ ಸಂಜೆ ತಿರುಗಾಟ ಮತ್ತು ಆಟ.

ಬಗೆಯುವ ಆಸೆ ಬಲವಾಗಿರುವ ನಾಯಿಗೆ ಅದನ್ನು ಪೂರ್ತಿಯಾಗಿ ನಿಷೇಧಿಸುವುದಕ್ಕಿಂತ ತಕ್ಕ ಸ್ಥಳವನ್ನು ತೋರಿಸಿಕೊಡುವುದು ಮೇಲು. ಹಿತ್ತಿಲ ಮೂಲೆಯಲ್ಲಿ ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಮೊಳದಷ್ಟು ಆಳದ ಗುಂಡಿಯನ್ನು ಮಾಡಿ ಮರಳು ತುಂಬಬೇಕು. ಅದರಲ್ಲಿ ಆಟದ ಚೆಂಡನ್ನೋ ತಿಂಡಿಯನ್ನೋ ಅರ್ಧ ಮುಚ್ಚಿಟ್ಟು ನಾಯಿಯನ್ನು ಕರೆದು ತರಬೇಕು. ಅದು ಬಗೆದು ತೆಗೆದೊಡನೆ ಮೆಚ್ಚಬೇಕು. ದಿನಗಳೆದಂತೆ ಹೆಚ್ಚು ಆಳಕ್ಕೆ ಹೂಳಬೇಕು. ಬೇರೆಡೆ ಬಗೆಯುತ್ತಿರುವಾಗ ಕಂಡರೆ ಹೊಡೆಯದೆ ಚಪ್ಪಾಳೆ ತಟ್ಟಿ ಕರೆದು ಮರಳಿನ ಗುಂಡಿಗೆ ಒಯ್ಯಬೇಕು. ಮನೆಯವರೆಲ್ಲರೂ ಒಂದೇ ನಿಯಮವನ್ನು ಪಾಲಿಸುವುದು ಅತ್ಯವಶ್ಯ. ಒಮ್ಮೊಮ್ಮೆ ಮಾತ್ರ ಫಲ ಕೊಡುವ ಅಭ್ಯಾಸವೇ ಬಿಡಿಸಲು ಹೆಚ್ಚು ಕಷ್ಟವೆಂದು ಸ್ಕಿನ್ನರ್ ಎಂಬ ವಿಜ್ಞಾನಿಯ ಪ್ರಯೋಗಗಳು ತೋರಿಸಿವೆ.

ಮಾಡಬಾರದುದು

ಹೆಗ್ಗಣದ ಬಿಲಕ್ಕೆ ಇಲಿಪಾಷಾಣವನ್ನು ಹಾಕಿ ನಾಯಿಯನ್ನು ಬಿಡಬಾರದು. ಅದಕ್ಕೆ ಬಳಸುವ ಸತುವಿನ ಫಾಸ್ಫೈಡು ಜಠರದ ಆಮ್ಲದೊಡನೆ ಸೇರಿದರೆ ಫಾಸ್ಫೀನ್ ಎಂಬ ಮಾರಕವಾದ ಅನಿಲವಾಗುತ್ತದೆ. ಗಿಡಗಳಿಗೆ ಹಾಕುವ ಹರಳುಹಿಂಡಿಯೂ ಅಪಾಯಕರ. ಹರಳುಬೀಜದ ರೈಸಿನ್ ಎಂಬ ವಿಷ ಅದರಲ್ಲಿ ಉಳಿದಿರಬಹುದು, ಅದರ ವಾಸನೆಗೆ ನಾಯಿ ಮೋಸಹೋಗುತ್ತದೆ. ನುಸಿಗುಳಿಗೆಗಳನ್ನು ಪಾತಿಯಲ್ಲಿ ಹೂಳುವುದೂ ಸಲ್ಲದು. ಇವುಗಳಲ್ಲಿ ಯಾವುದನ್ನಾದರೂ ನಾಯಿ ನುಂಗಿದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು ಬೇಸರವೆಂಬ ಮೂಲಕಾರಣವನ್ನೇ ಬೆಳೆಸುತ್ತದೆ. ಅಲ್ಲದೆ, ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯು ಪ್ರಾಣಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟುವುದನ್ನೂ, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದನ್ನೂ, ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆದುಬಿಡುವುದನ್ನೂ ಅಪರಾಧವೆಂದು ಎಣಿಸುತ್ತದೆ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮರದ ನೆರಳಿನಲ್ಲಿ ಮೇಲ್ಮೈಯಲ್ಲಿಯೂ, 10 ಮತ್ತು 20 ಸೆಂಟಿಮೀಟರು ಆಳದಲ್ಲಿಯೂ ಉಷ್ಣಮಾಪಕವನ್ನಿಟ್ಟು ಬೆಳಗ್ಗೆ, ಮಧ್ಯಾಹ್ನ, ಸಂಜೆಗಳ ಉಷ್ಣತೆಯನ್ನು ಬರೆದುಕೊಳ್ಳಿರಿ. ಜೊತೆಗೆ ಎರಡು ವಾರಗಳ ಕಾಲ ನಾಯಿ ತೋಡಿದ ಪ್ರತಿಯೊಂದು ಗುಂಡಿಯ ಸ್ಥಳ, ಆಕಾರ, ವೇಳೆಗಳನ್ನೂ, ಅದಕ್ಕೆ ಮುಂಚೆ ನಡೆದುದನ್ನೂ ಗುರುತಿಸಿರಿ. ಎರಡು ಪಟ್ಟಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ, ನಿಮ್ಮ ನಾಯಿ ಬಗೆಯುವುದು ಸೆಕೆಗೋ ಬೇರೆ ಕಾರಣಕ್ಕೋ ಎಂಬುದು ತಿಳಿದುಬರುತ್ತದೆ.

ನಾಯಿಗೆ ಮಾತು ಬಾರದು. ತನ್ನ ಸೆಕೆಯನ್ನೂ ಬೇಸರವನ್ನೂ ಭಯವನ್ನೂ ಅದು ನೆಲದ ಮೇಲೆ ಬರೆದು ತೋರಿಸುತ್ತದೆ. ಕೋಲನ್ನು ಎತ್ತಿಕೊಳ್ಳುವ ಮುನ್ನ ನಾವು ಆ ಬರೆಹವನ್ನು ಓದಲು ಕಲಿತರೆ ಮಲ್ಲಿಗೆಯೂ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ.