ನಂದಿಬೆಟ್ಟದ ತರಗೆಲೆಯಲ್ಲಿ ನಾಲ್ಕು ದಿನದ ಅತಿಥಿ

ಆರು ಗಂಟೆಗೆ ಗೇಟು ತೆರೆಯಿತು. ಜೊತೆಗೆ ಕಾದು ನಿಂತಿದ್ದವರೆಲ್ಲ ಸೂರ್ಯೋದಯ ತಪ್ಪೀತೆಂದು ಬಂಡೆಯಂಚಿನ ಕಡೆ ದಾಪುಗಾಲು ಹಾಕಿದರು. ನಾನು ಮರಗಳ ಕಡೆ ತಿರುಗಿದೆ. ಅಲ್ಲಿನ್ನೂ ನಸುಗತ್ತಲು. ಯುಗಾದಿ ಕಳೆದು ವಾರವಾಗಿತ್ತು, ಮಾರ್ಚ್ ಮುಗಿಯುತ್ತಿತ್ತು. ಕೆಳಗೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳ ನಡುವೆ ಬರುವಾಗ ಸೆಕೆಯಿತ್ತು. 1478 ಮೀಟರ್ ಎತ್ತರದ ಈ ನೆತ್ತಿಯಲ್ಲಿ ಮಂಜು ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿತ್ತು.

ವಸಂತವೆಂದರೆ ಕೋಗಿಲೆ ಕೂಗುವ ಕಾಲ ಅಂದುಕೊಂಡೇ ನಾವು ಬೆಳೆದವರು. ಹಕ್ಕಿ ನೋಡುವ ಚಟ ಹತ್ತಿದ ಮೇಲೆ ನನಗೆ ಅದು ಬೀಳ್ಕೊಡುವ ಕಾಲವಾಗಿಯೂ ಕಾಣತೊಡಗಿತು. ಚಳಿಗಾಲಕ್ಕೆಂದು ಹಿಮಾಲಯದಿಂದ ಇಳಿದು ಬಂದ ಹಕ್ಕಿಗಳು ಊರಿಗೆ ಹೊರಡುವುದು ಈಗಲೇ. ಅವುಗಳಲ್ಲಿ ಕೆಲವು ನಮ್ಮಲ್ಲಿ ಚಳಿಗಾಲವನ್ನೂ ಕಳೆದಿರುವುದಿಲ್ಲ. ಶ್ರೀಲಂಕಾದ ಮಲೆನಾಡಿನಲ್ಲಿದ್ದು, ವಾಪಸು ಹೋಗುವ ದಾರಿಯಲ್ಲಿ ಇಂಥ ಒಂದು ಬೆಟ್ಟದಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಂಡು ಮುಂದುವರಿಯುತ್ತವೆ. ಅವು ನಮಗೆ ಅಪರೂಪವಾಗಿರುವುದು ಅದಕ್ಕೇ. ಸುತ್ತ ಬಯಲುಸೀಮೆ ಒಣಗಿ ನಿಂತಿರುವಾಗ ನಂದಿಯ ನೆತ್ತಿಯಲ್ಲಿ ಮಾತ್ರ ತೇವ, ನೆರಳು, ಹಣ್ಣಿನ ಮರ ಮೂರೂ ಸಿಗುತ್ತವೆ. ಮೇಲಿಂದ ಹಾರಿ ಹೋಗುವ ಹಕ್ಕಿಗೆ ಇದು ಬೋಳು ಬಯಲಿನ ನಡುವೆ ಒಂದು ಹಸಿರು ಬೊಟ್ಟು.

ನಡೆದ ಹತ್ತು ನಿಮಿಷಕ್ಕೇ ತಲೆಯ ಮೇಲೆ ದಪ್ಪ ದನಿಯ ಹೂಂಕಾರ. ಮುಸುವ ಕೂಗಿತೇ ಎಂದು ಮೊದಲ ಸಲ ಬಂದವರು ಮೋಸಹೋಗುತ್ತಾರೆ. ಅದು ನೀಲಗಿರಿ ಕಾಡುಪಾರಿವಾಳ. ನೀಲಗಿರಿಯೂ ಪಶ್ಚಿಮ ಘಟ್ಟದ ಒದ್ದೆ ಕಾಡುಗಳೂ ಇದರ ತವರು. ಅಲ್ಲಿಂದ ಇಷ್ಟು ದೂರ, ಬಯಲಿನಲ್ಲಿ ಒಂಟಿಯಾಗಿ ನಿಂತ ಈ ಬೆಟ್ಟದಲ್ಲಿ ಇದರ ಪುಟ್ಟ ಬಳಗವೊಂದು ಉಳಿದುಕೊಂಡಿದೆ. ವಲಸೆಯ ಹಕ್ಕಿಯಲ್ಲ, ವರ್ಷವಿಡೀ ಇಲ್ಲಿರುತ್ತದೆ. ಆದರೆ ಹಣ್ಣಾಗುವ ಮರ ಯಾವುದೆಂದು ಗೊತ್ತಿರಬೇಕು. ಹಣ್ಣಿಲ್ಲದ ಮರದ ಕೆಳಗೆ ಗಂಟೆಗಟ್ಟಲೆ ನಿಂತರೂ ಕಾಣದು. ಈ ಸಲ ಒಂದು ಅತ್ತಿಯ ಜಾತಿಯ ಮರದಲ್ಲಿ ಕಣ್ಣೆತ್ತರದ ಕೊಂಬೆಗೇ ಇಳಿದಿತ್ತು. ಬೂದು ತಲೆ, ಕಂದುಗೆಂಪು ಬೆನ್ನು, ಹಿಂಗೊರಳ ಮೇಲೆ ಚೌಕಾಬಾರದ ಮನೆಗಳಂತೆ ಕಪ್ಪು ಬಿಳಿ ಚೌಕುಳಿ. ಹಣ್ಣು ನುಂಗಲು ಕತ್ತು ಚಾಚಿದಾಗಲೆಲ್ಲ ಆ ಚೌಕುಳಿ ಹಿಗ್ಗಿ, ಮತ್ತೆ ಕುಗ್ಗುತ್ತಿತ್ತು.

ಸ್ವಲ್ಪ ಮುಂದೆ ತೋಟದ ಕೆಲಸದ ಹಿರಿಯರೊಬ್ಬರು ಪೊರಕೆ ಹಿಡಿದು ದಾರಿ ಗುಡಿಸುತ್ತಿದ್ದರು. ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿ, "ಹಕ್ಕಿ ನೋಡಕ್ ಬಂದ್ರಾ ಸಾರ್?" ಅಂದರು.

"ಹೌದು ತಾತ. ಕಪ್ಪು ಬಿಳಿ ಹಕ್ಕಿ, ನೆಲದ ಮೇಲೆ ಎಲೆ ಕೆದಕುತ್ತೆ. ಕಂಡಿದ್ರಾ?"

"ಮಡಿವಾಳ ಅಲ್ವಾ?"

"ಅಲ್ಲ. ಹುಬ್ಬು ಬೆಳ್ಳಗಿರುತ್ತೆ, ಕೊಕ್ಕು ಹಳದಿ."

ಪೊರಕೆ ಊರಿ ನಿಂತು ಯೋಚಿಸಿದರು. "ಹಿಂದ್ಗಡೆ ನಲ್ಲಿ ಸೋರ್ತದಲ್ಲ, ಅದರ ತಾವ ಒಂದು ಬತ್ತದೆ. ಆ ಜಾಗ ನಾವು ಗುಡ್ಸಲ್ಲ."

ಆ ಕೊನೆಯ ಮಾತಿನಲ್ಲೇ ಹಕ್ಕಿಯ ವಿಳಾಸವಿತ್ತು. ನಂದಿಯಲ್ಲಾಗಲಿ, ಲಾಲ್‌ಬಾಗಿನಲ್ಲಾಗಲಿ, ನಿಮ್ಮೂರಿನ ಹಳೆಯ ಮಾವಿನ ತೋಪಿನಲ್ಲಾಗಲಿ, ವಸಂತದ ಅಪರೂಪದ ಹಕ್ಕಿ ಬೇಕಿದ್ದರೆ ಗುಡಿಸದ ಜಾಗ ಹುಡುಕಬೇಕು. ಕತ್ತರಿಸಿದ ಹುಲ್ಲುಹಾಸು, ಬಣ್ಣದ ಹೂವಿನ ಮಡಿ ಈ ಹಕ್ಕಿಗಳಿಗೆ ಬೇಡ. ಕೊಳೆಯುತ್ತಿರುವ ಎಲೆ, ಅದರಡಿ ಎರೆಹುಳ, ಬಸವನಹುಳು, ಪಕ್ಕದಲ್ಲಿ ಒಂದಿಷ್ಟು ನೀರು. ಅಷ್ಟೇ ಸಾಕು.

ಒಂದು ಕಟ್ಟಡದ ಬೆನ್ನಿಗೆ ಸೋರುವ ನಲ್ಲಿ, ಅದರ ಸುತ್ತ ಕಪ್ಪು ಕೆಸರು, ಮೇಲೆ ಅಂಗೈ ದಪ್ಪ ತರಗೆಲೆ. ಒಂದು ಮರಕ್ಕೆ ಒರಗಿ ಕೂತೆ. ಇಂಥಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಹರಟೆಮಲ್ಲಗಳು ಬಂದರೆ ಏಳೆಂಟು ಕಡೆ ಒಟ್ಟಿಗೆ ಸರಸರ. ಹಾವುರಾಣಿ ಹೋದರೆ ಬಿಡುವಿಲ್ಲದ ಒಂದೇ ಗೆರೆಯ ಸದ್ದು. ನಾನು ಹುಡುಕಿ ಬಂದ ಹಕ್ಕಿ ಸಿಳ್ಳಾರ; ಅದರ ಸದ್ದಿಗೆ ಲಯವಿದೆ: ಎರಡು ಮೂರು ನೆಗೆತ, ಒಂದು ಮೌನ, ಆಮೇಲೆ ಎಲೆಯೊಂದನ್ನು ಪಕ್ಕಕ್ಕೆ ಎಸೆದ ಚಟ್ ಸದ್ದು.

ಮೊದಲು ಬಂದದ್ದು ಕಿತ್ತಳೆ ತಲೆಯ ನೆಲಸಿಳ್ಳಾರ. ಇದು ಅಪರೂಪವೇನಲ್ಲ, ಆದರೂ ಮುಖ ನೋಡದೆ ಬಿಡಬಾರದು. ದಕ್ಷಿಣದ ನಮ್ಮ ಹಕ್ಕಿಗೆ ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆ ನೇರ ಇಳಿದಿರುತ್ತವೆ. ಪಟ್ಟೆಯಿಲ್ಲದೆ ಮುಖವೆಲ್ಲ ಕಿತ್ತಳೆಯಾಗಿದ್ದರೆ ಅದು ಉತ್ತರದಿಂದ ಬಂದದ್ದು. ಇದಕ್ಕೆ ಪಟ್ಟೆಯಿತ್ತು.

ಮುಕ್ಕಾಲು ಗಂಟೆ ಕಳೆಯಿತು. ನಲ್ಲಿಯ ಆಚೆ ಎಲೆಯೊಂದು ಎಗರಿತು. ಎಗರಿಸಿದವರು ಕಾಣಲಿಲ್ಲ. ಮತ್ತೊಂದು ಎಲೆ. ಆಮೇಲೆ ನೆರಳಿನಿಂದ ಮೂರು ನೆಗೆತಕ್ಕೆ ಹೊರಬಂದು ನಿಂತಿತು, ಕರಿಬಿಳಿ ಸಿಳ್ಳಾರದ ಗಂಡು. ಕಾಡಿಗೆಯ ಕಪ್ಪು ಮೈ, ಕಣ್ಣಿನ ಮೇಲೆ ಕತ್ತಿನವರೆಗೆ ಎಳೆದ ಉದ್ದನೆಯ ಬಿಳಿ ಹುಬ್ಬು, ರೆಕ್ಕೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಇಟ್ಟಂಥ ಬಿಳಿ ಚುಕ್ಕಿಗಳು, ಹಳದಿ ಕೊಕ್ಕು. ತಲೆ ಓರೆ ಮಾಡಿ ನೆಲಕ್ಕೆ ಕಿವಿಗೊಟ್ಟಿತು. ಕೊಕ್ಕಿನಿಂದ ಎಲೆ ಸರಿಸಿ ಹುಳುವೊಂದನ್ನು ಹಿಡಿದು ಎಳೆಯಿತು. ಅದು ಹಗ್ಗದಂತೆ ಬಿಗಿದು ಕೊನೆಗೆ ಕಿತ್ತು ಬಂತು. ನುಂಗಿದ ಮೇಲೆ ಕೊಕ್ಕನ್ನು ಕಲ್ಲಿಗೆ ಎರಡು ಸಲ ಒರೆಸಿಕೊಂಡಿತು. ನೇಪಾಳದ ಆಸುಪಾಸಿನ ಹಿಮಾಲಯದ ಕಾಡಿನಲ್ಲಿ ಗೂಡು ಕಟ್ಟುವ ಹಕ್ಕಿ ಇದು. ಚಳಿಗಾಲ ಕಳೆಯಲು ನುವರ ಎಲಿಯದಂಥ ಶ್ರೀಲಂಕಾದ ಬೆಟ್ಟದೂರುಗಳಿಗೆ ಹೋಗುತ್ತದೆ. ನಡುವೆ ಇಡೀ ಭಾರತವನ್ನು ವರ್ಷಕ್ಕೆ ಎರಡು ಸಲ ದಾಟುತ್ತದೆ. ಆ ದಾರಿಯಲ್ಲಿ ಒಂದು ಸೋರುವ ನಲ್ಲಿ ಅದಕ್ಕೆ ಊಟದ ಮನೆಯಾಗಿತ್ತು. ನಾನು ಉಸಿರು ಬಿಗಿಹಿಡಿದಿದ್ದೆ. ನಾಲ್ಕು ನಿಮಿಷವಿದ್ದು ಹೋಯಿತು.

ಇಂಥದೇ ನೆರಳಿನಲ್ಲಿ, ಇನ್ನೂ ಕೆಲವು ವಾರ ತಡವಾಗಿ ಬಂದರೆ, ನವರಂಗ ಸಿಗುವ ಸಾಧ್ಯತೆಯಿದೆ. ಹಸಿರು ಬೆನ್ನು, ಕೆಂಪು ಕಿಬ್ಬೊಟ್ಟೆಯ ಮೋಟು ಬಾಲದ ಹಕ್ಕಿ. ಬೆಳಕು ಹರಿಯುವಾಗ ಮತ್ತು ಮುಳುಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಹಗಲೆಲ್ಲ ಹುಡುಕಿ ಸೋಲುವುದಕ್ಕಿಂತ ಆ ಹೊತ್ತಿಗೆ ಕಾಯುವುದು ಮೇಲು. ರಾತ್ರಿ ಹಾರುವ ಈ ಹಕ್ಕಿ ದಣಿದು ಊರ ಮನೆಗಳೊಳಗೆ ಬಂದು ಬೀಳುವುದೂ ಉಂಟು. ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು, ಸುಧಾರಿಸಿಕೊಂಡ ಮೇಲೆ ಮರಗಳಿರುವಲ್ಲಿ ಬಿಡಿ.

ಒಂಬತ್ತರ ಹೊತ್ತಿಗೆ ನೆತ್ತಿಯ ಮೇಲೆ ಜನಜಂಗುಳಿ. ನಾನು ಇಳಿಜಾರಿಗೆ ಇಳಿದೆ. ಇಲ್ಲಿ ಲೋಕವೇ ಬೇರೆ: ಕಾದ ಹೆಬ್ಬಂಡೆ, ಕುರುಚಲು, ಲಂಟಾನದ ಪೊದೆ. ಬಂಡೆ ಮೈಗೆ ತಾಗುವಷ್ಟು ಹತ್ತಿರದಲ್ಲಿ ಕವಲುತೋಕೆಗಳು ಹಾರುತ್ತಿದ್ದವು. ಕೆಮ್ಮೀಸೆ ಪಿಕಳಾರಗಳ ಗದ್ದಲದ ನಡುವೆ ಒಂದು ತಗ್ಗಿದ ದನಿ ಕೇಳಿ ತಿರುಗಿದರೆ, ಲಂಟಾನದ ಹಣ್ಣು ಕಚ್ಚಿಕೊಂಡು ಹಳದಿ ಕೊರಳಿನ ಪಿಕಳಾರ. ಅರಿಸಿನ ಬಳಿದಂಥ ತಲೆ ಮತ್ತು ಕೊರಳು, ಉಳಿದ ಮೈ ಬಂಡೆಯದೇ ಬಣ್ಣ. ಪಕ್ಷಿತಜ್ಞ ಜರ್ಡನ್ 1845ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಾಡುಪಾರಿವಾಳದಂತೆ ಇದೂ ಅಪಾಯದಂಚಿನ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ. ನಿಂತಲ್ಲಿಂದಲೇ ದೂರದ ಗುಡ್ಡವೊಂದು ಅರ್ಧ ಕತ್ತರಿಸಿ ಬೆಳ್ಳಗೆ ಕಾಣುತ್ತಿತ್ತು, ಕಲ್ಲುಕ್ವಾರಿ. ಗುಡ್ಡ ಜಲ್ಲಿಯಾದರೆ ಈ ಹಕ್ಕಿಗೆ ಹೋಗಲು ಇನ್ನೊಂದು ಜಾಗವಿಲ್ಲ. ಬೇಸಿಗೆಯಲ್ಲಿ ಕುರುಚಲಿಗೆ ಬೀಳುವ ಬೆಂಕಿಯೂ ಅಷ್ಟೇ ಕೇಡು.

ವಾಪಸು ಹೊರಡುವ ಮುಂಚೆ ಮತ್ತೊಮ್ಮೆ ನಲ್ಲಿಯ ಹತ್ತಿರ ಹೋದೆ. ಯುವಕರಿಬ್ಬರು ಫೋನಿನಲ್ಲಿ ಹಕ್ಕಿಯ ದನಿ ಹಾಕಿ, ದೊಡ್ಡ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ನಿಲ್ಲಿಸಿ ಎಂದು ಕೇಳಿಕೊಂಡೆ, ನಿಲ್ಲಿಸಿದರು. ಪ್ರಯಾಣದ ನಡುವೆ ನಾಲ್ಕು ದಿನ ತಂಗಿ ಮೈಗೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿ, ಇಲ್ಲದ ಹಕ್ಕಿಯ ಕೂಗಿಗೆ ಅಲ್ಲಿಂದಿಲ್ಲಿಗೆ ಹಾರಾಡಿದರೆ ತಿನ್ನುವುದು ಯಾವಾಗ?

ಹೋಗುವುದಾದರೆ ಏಪ್ರಿಲ್ ನಡುವಿನೊಳಗೆ, ಶನಿವಾರ ಭಾನುವಾರ ಬಿಟ್ಟು, ಮೋಡ ಕವಿದ ಬೆಳಿಗ್ಗೆ ಹೋಗಿ. ಮಾಸಲು ಬಣ್ಣದ ಬಟ್ಟೆ ಹಾಕಿಕೊಳ್ಳಿ, ಒಂದೇ ಕಡೆ ಒಂದು ಗಂಟೆ ಕೂತಿರಿ, ಫೋನಿನಲ್ಲಿ ದನಿ ಹಾಕಬೇಡಿ. ನಿಮ್ಮ ಮನೆಯ ಹಿತ್ತಲಲ್ಲಿ ಮರವಿದ್ದರೆ ಅದರಡಿಯ ಎಲೆಗಳನ್ನು ಮೇ ತಿಂಗಳವರೆಗಾದರೂ ಗುಡಿಸದೆ ಬಿಡಿ.