ಹಗರಿಬೊಮ್ಮನಹಳ್ಳಿಗೆ ಎಷ್ಟು ಅಕ್ಷರ?

ಹಗರಿಬೊಮ್ಮನಹಳ್ಳಿ. ಬೆರಳು ಮಡಚಿ ಎಣಿಸಿ, ಎಂಟು ಅಕ್ಷರ. ಪೈಥಾನ್‌ನ ಲೆನ್ (ಉದ್ದ ಹೇಳೋ ಫಂಕ್ಷನ್) ಕೇಳಿ, 15 ಅನ್ನುತ್ತೆ. ಗೋ ಭಾಷೆಯ ಲೆನ್‌ಗೆ ಅದೇ ಹೆಸರು ಕೊಡಿ, 45! ಯಾರೂ ಸುಳ್ಳು ಹೇಳ್ತಿಲ್ಲ.

ನಾವು ಒಂದೇ ಉಸಿರಲ್ಲಿ ಅನ್ನೋ 'ಳ್ಳಿ' ಯೂನಿಕೋಡ್‌ನಲ್ಲಿ ನಾಲ್ಕು: ಳ, ಹಲಂತ, ಇನ್ನೊಂದು ಳ, ಗುಡಿಸು. ಪೈಥಾನ್ ಎಣಿಸೋದು ಈ ಬಿಡಿಭಾಗಗಳನ್ನ. ಗೋ ಎಣಿಸೋದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಬಿಡಿಭಾಗಕ್ಕೂ ಮೂರು ಬೈಟ್.

ಈಗ ಸಿ ಭಾಷೆಗೆ ಬನ್ನಿ. ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟು ಉಳಿದದ್ದು ಕತ್ತರಿಸಿದ್ರೆ? 'ಹಗರಿಬೊ' ಉಳಿಯುತ್ತೆ, ಪಕ್ಕದಲ್ಲಿ ಅರ್ಧ ಮುರಿದ ಕಸ. ಕೂಡ್ಲಿಗಿ ಹೆಸರೇ 24 ಬೈಟ್, ಕೊಟ್ಟೂರೂ ಅಷ್ಟೇ. ಹಡಗಲಿ ಮಾತ್ರ 15 ಬೈಟ್, ಪಾರು. ಟೆಸ್ಟ್ ಮಾಡೋರು ಹಡಗಲಿ ಒಂದನ್ನೇ ಹಾಕಿ ನೋಡಿದ್ರೆ ಕಥೆ ಮುಗೀತು!

ಕೊಟ್ಟೂರಲ್ಲಿ ಇನ್ನೊಂದು ತಕರಾರಿದೆ. 'ಕೊ'ದ ಸ್ವರಚಿಹ್ನೆ ಒಂದೇ ಸಂಕೇತವಾಗಿ ಬರಬಹುದು, ಎರಡು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ ಕೊಟ್ಟೂರು, ಕಂಪ್ಯೂಟರ್‌ಗೆ ಎರಡು. ಹೋಲಿಸೋಕೆ ಮುಂಚೆ ನಾರ್ಮಲೈಸ್ ಮಾಡಿ, ಅಂದ್ರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ.

ಹೊಸ ಭಾಷೆ ಶುರು ಮಾಡಿದ ದಿನ ಹಲೋ ವರ್ಲ್ಡ್ ಆಮೇಲಿರಲಿ, ಮೊದಲು ನಿಮ್ಮೂರ ಹೆಸರು ಕೊಟ್ಟು ಉದ್ದ ಕೇಳಿ. ಹರಪನಹಳ್ಳಿಯವರೇ, ನಿಮಗೆಷ್ಟು ಬಂತು?